ಬೇನೆಯ ಕಾಲದಲ್ಲಿ ಗಾಡಿ ಕಟ್ಟಿದ ಕೆಂಚಪ್ಪ

"ಗುರುಗಳೇ, ಹೋಗಲೇ, ಬೇಡವೇ?" ಎಂದು ಶಿಷ್ಯ ಕೇಳಿದ.

ನಾಡಿನಲ್ಲೆಲ್ಲ ಬೇನೆ ಹಬ್ಬಿದ್ದ ಕಾಲ ಅದು. ಮೊದಲು ಮೈ ಬೆಚ್ಚಗಾಗುತ್ತಿತ್ತು, ಆಮೇಲೆ ಕೆಮ್ಮು, ಆಮೇಲೆ ಎದೆ ಹಿಡಿಯುತ್ತಿತ್ತು. ಕೆಲವರು ಏಳುತ್ತಿದ್ದರು, ಕೆಲವರು ಏಳುತ್ತಿರಲಿಲ್ಲ. ಒಬ್ಬರಿಂದ ಒಬ್ಬರಿಗೆ ದಾಟುವ ಬೇನೆಯೆಂದು ತಿಳಿದ ಮೇಲೆ ಊರೂರಿನ ಅಗಸೆ ಬಾಗಿಲಿಗೆ ಮುಳ್ಳಿನ ಬೇಲಿ ಬಿದ್ದಿತ್ತು. ಮಠಕ್ಕೂ ಭಕ್ತರು ಬರುವುದು ನಿಂತಿತ್ತು.

ಶಿಷ್ಯನಿಗೆ ದೂರದ ಊರಿನಲ್ಲಿ ಒಬ್ಬ ಅಕ್ಕ ಇದ್ದಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು. ಅವಳನ್ನು ನೋಡದೆ ಬಹಳ ಕಾಲವಾಗಿತ್ತು. ಮಠದ ಗಾಡಿ ಕೆಲಸವಿಲ್ಲದೆ ನಿಂತಿತ್ತು, ಎತ್ತುಗಳು ಮೆಲುಕು ಹಾಕುತ್ತ ಕೊಬ್ಬಿದ್ದವು. ಹೋಗಿ ಬರಬಾರದೇಕೆ ಎಂದು ಅವನಿಗೆ ಅನ್ನಿಸಿತ್ತು. ದಾರಿಯಲ್ಲಿ ಯಾವ ಊರಿಗೂ ಹೋಗುವುದಿಲ್ಲ, ಬುತ್ತಿ ಕಟ್ಟಿಕೊಳ್ಳುತ್ತೇನೆ, ಗಾಡಿಯಲ್ಲೇ ಮಲಗುತ್ತೇನೆ ಎಂದೆಲ್ಲ ಅವನು ವಿವರಿಸಿದ.

"ನಾನು ಗಟ್ಟಿ ಆಳು. ಬೇನೆ ಬಂದರೆ ನನಗೆ ತಾನೇ ಬರುವುದು? ಅದಕ್ಕೆ ನಾನು ಹೆದರುವುದಿಲ್ಲ" ಎಂದ.

ಗುರುಗಳು ಹೋಗು ಎನ್ನಲಿಲ್ಲ, ಬೇಡ ಎಂದೂ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಕೆಂಚಪ್ಪ ಎಂಬ ರೈತನಿದ್ದ. ಉಂಡುಟ್ಟು ಸುಖವಾಗಿದ್ದವನು. ಮಾತಿನಲ್ಲಿ ಅವನನ್ನು ಗೆದ್ದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಹೆಂಡತಿ ಸಣ್ಣಮ್ಮ ಅವನ ಜೊತೆ ವಾದಕ್ಕೆ ನಿಲ್ಲುತ್ತಲೇ ಇರಲಿಲ್ಲ. ಒಂದು ಮಾತು ಹೇಳಿ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು. ಆ ಒಂದು ಮಾತು ಮಾತ್ರ ಕೆಂಚಪ್ಪನ ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಟ್ಟುತ್ತಿತ್ತು.

ಅವರಿಗೆ ಒಬ್ಬಳೇ ಮಗಳು, ಹೊನ್ನಮ್ಮ. ಅವಳನ್ನು ದೂರದ ಊರಿನ ಬೋರಯ್ಯನ ಮಗನಿಗೆ ಕೊಟ್ಟಿದ್ದರು. ಅವಳು ಬಸುರಿಯಾದಾಗ ಹೆರಿಗೆಗೆ ತವರಿಗೆ ಕರೆತರಬೇಕೆಂದು ಕೆಂಚಪ್ಪ ಗಾಡಿಗೆ ಹೊಸ ಕಮಾನು ಕಟ್ಟಿಸಿದ. ಅಷ್ಟರಲ್ಲಿ ಬೇನೆ ಬಂತು, ದಾರಿಗಳು ಮುಚ್ಚಿದವು. ಮಗು ಬೀಗರ ಮನೆಯಲ್ಲೇ ಹುಟ್ಟಿತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ ಎಂಬ ಸುದ್ದಿ, ಬೇಲಿಯಿಂದ ಬೇಲಿಗೆ ಒಬ್ಬರು ಇನ್ನೊಬ್ಬರಿಗೆ ಕೂಗಿ ಹೇಳುತ್ತ, ಹೇಗೋ ಇವರ ಊರನ್ನು ಮುಟ್ಟಿತು.

ಅಂದಿನಿಂದ ಕೆಂಚಪ್ಪನಿಗೆ ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಮೊಮ್ಮಗಳು ಯಾರನ್ನು ಹೋಲುತ್ತಾಳೆ, ಮೂಗು ಯಾರದು, ಹಣೆ ಯಾರದು ಎಂದು ಊಟಕ್ಕೆ ಕೂತಾಗಲೂ ಅದೇ ಮಾತು. ಬೀಗರ ಮೂಗು ಬಂದುಬಿಟ್ಟರೆ ಏನು ಗತಿ ಎಂಬ ಚಿಂತೆಯೂ ಅವನಿಗಿತ್ತು. ಬೋರಯ್ಯನ ಮೂಗು ಬದನೆಕಾಯಿಯ ಹಾಗಿತ್ತು.

ಕೊನೆಗೆ ಹೋಗುವುದೋ ಬೇಡವೋ ಎಂದು ತಿಳಿದವರನ್ನು ಕೇಳಿ ತೀರ್ಮಾನ ಮಾಡುತ್ತೇನೆ ಎಂದು ಹೊರಟ. ಮೊದಲು ಊರಿನ ಪಂಡಿತರಲ್ಲಿಗೆ ಹೋದ. ಅವರು ಜಗಲಿಯ ಮೇಲಿನಿಂದಲೇ, ಈಗ ದಾರಿ ಹಿಡಿಯಬೇಡ, ಈ ಬೇನೆಗೆ ನನ್ನಲ್ಲಿ ಮದ್ದಿಲ್ಲ ಎಂದರು. ಕೆಂಚಪ್ಪ ಮನೆಗೆ ಬಂದು, ಪಂಡಿತರು ಒಳ್ಳೆಯ ಕಾಲದಲ್ಲೂ ಊರಿನ ಕೆರೆ ದಾಟಿದವರಲ್ಲ, ಪ್ರಯಾಣದ ವಿಷಯ ಅವರಿಗೇನು ಗೊತ್ತು ಎಂದ. ಆಮೇಲೆ ಜೋಯಿಸರನ್ನು ಕೇಳಿದ. ಅವರು ಪಂಚಾಂಗ ತೆಗೆದು, ಈ ತಿಂಗಳು ಮೂಡಲಿಗೆ ಹೋಗುವುದು ಒಳ್ಳೆಯದಲ್ಲ ಎಂದರು. ಮಗಳ ಊರು ಇದ್ದದ್ದು ಮೂಡಲಿಗೇ. ಕೆಂಚಪ್ಪ ಬಹಳ ಹೊತ್ತು ಯೋಚಿಸಿ, ಪಡುವಲಿಗೆ ಹೊರಟು ಕೆರೆ ಏರಿಯ ಹತ್ತಿರ ಗಾಡಿ ತಿರುಗಿಸಿದರೆ ದೋಷವಿಲ್ಲ ತಾನೇ ಎಂದು ಕೇಳಿದ. ಜೋಯಿಸರು ಪಂಚಾಂಗ ಮುಚ್ಚಿದರು.

ಹೀಗೇ ಅವನು ಊರೆಲ್ಲ ಸುತ್ತಿದ. ಬೇಡ ಎಂದವರೆಲ್ಲರ ಬುದ್ಧಿಯಲ್ಲೂ ಅವನಿಗೆ ಒಂದೊಂದು ಕೊರತೆ ಕಂಡಿತು. ಕಡೆಗೆ ಹಳ್ಳಿಹಳ್ಳಿ ತಿರುಗಿ ಎಲೆ ಅಡಿಕೆ ಮಾರುವ ಒಬ್ಬ ಸಿಕ್ಕಿದ. ಬೇಲಿ ಬಿದ್ದ ಮೇಲೆ ಅವನ ವ್ಯಾಪಾರ ಕೆಟ್ಟಿತ್ತು. ಅವನು, ಅಯ್ಯೋ ಧಾರಾಳವಾಗಿ ಹೋಗಿ ಯಜಮಾನರೇ, ಬೇನೆಯೂ ಇಲ್ಲ ಗೀನೆಯೂ ಇಲ್ಲ, ಎಲ್ಲ ಹೆದರುಪುಕ್ಕಲರ ಮಾತು ಎಂದ. ನಾಲ್ಕು ಊರಿನ ನೀರು ಕುಡಿದವನ ಬುದ್ಧಿಯೇ ಬೇರೆ ಎಂದು ಕೆಂಚಪ್ಪ ಮೆಚ್ಚಿಕೊಂಡ. ಸಲಹೆ ಕೇಳುವುದನ್ನು ಅಲ್ಲಿಗೆ ನಿಲ್ಲಿಸಿದ.

ಸಣ್ಣಮ್ಮ ರಾಗಿ ಬೀಸುತ್ತಿದ್ದಳು. ಹೊರಡುವ ಸುದ್ದಿ ಕೇಳಿ ಬೀಸುವುದನ್ನು ನಿಲ್ಲಿಸಿದಳು. ಮಗುವನ್ನು ನೋಡುವ ಆಸೆ ಅವಳಿಗೆ ಗಂಡನಿಗಿಂತ ಹೆಚ್ಚೇ ಇತ್ತು. ಆದರೂ ಕೇಳಿದಳು:

"ಬನ್ನಿ ಅಂತ ಅವರು ಹೇಳಿ ಕಳಿಸಿದ್ದಾರಾ?"

ಹೆತ್ತ ಮಗಳ ಮನೆಗೆ ಹೋಗಲು ಯಾರು ಕರೆಯಬೇಕು ಎಂದು ಕೆಂಚಪ್ಪ ರೇಗಿದ. ಸಣ್ಣಮ್ಮ ಮತ್ತೆ ಬೀಸುಕಲ್ಲಿನ ಗೂಟ ಹಿಡಿದಳು. ಹಿಟ್ಟಾದ ಮೇಲೆ ಬಾಣಂತಿಗೆಂದು ಅಂಟಿನುಂಡೆ ಕಟ್ಟಿದಳು, ಮಗುವಿಗೆಂದು ಕುಲಾವಿ ಹೊಲಿದಳು.

ಕೆಂಚಪ್ಪ ಮೂರ್ಖನಾಗಿರಲಿಲ್ಲ. ಎಚ್ಚರಿಕೆಯಿಂದಲೇ ಹೊರಡಬೇಕೆಂದು ಅವನು ನಿಶ್ಚಯಿಸಿದ್ದ. ಗಾಡಿಯ ಸುತ್ತ ಬೇವಿನ ಸೊಪ್ಪು ಕಟ್ಟಿದ. ಕುಡಿಯುವ ನೀರು, ಬುತ್ತಿ, ಮಜ್ಜಿಗೆ ಎಲ್ಲ ಮನೆಯದೇ. ಕೊರಳಿಗೆ ಈರುಳ್ಳಿ ಹಾರ ಹಾಕಿಕೊಂಡ. ಮೂಗು ಬಾಯಿ ಮುಚ್ಚುವ ಹಾಗೆ ಪಂಚೆಯ ತುಂಡು ಕಟ್ಟಿಕೊಂಡ, ಹೆಂಡತಿಗೂ ಕಟ್ಟಿಸಿದ. ಎತ್ತುಗಳಿಗೂ ಕಟ್ಟಲು ಹೋದ. ಅವು ಮೇಯುವುದು ಹೇಗೆ ಎಂದು ಸಣ್ಣಮ್ಮ ಕೇಳಿದ್ದಕ್ಕೆ ಬಿಟ್ಟ. ಮಗಳ ಮನೆಯ ಅಂಗಳ ಮುಟ್ಟುವವರೆಗೆ ನೆಲಕ್ಕೆ ಕಾಲಿಡುವುದಿಲ್ಲ, ಯಾರನ್ನೂ ಮುಟ್ಟುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡ. ಪಡುವಲಿಗೆ ಹೊರಟು, ಕೆರೆ ಏರಿಯ ಹತ್ತಿರ ತಿರುಗಿ, ಮೂಡಲ ದಾರಿ ಹಿಡಿದ.

ದಾರಿಯಲ್ಲಿ ಸಿಕ್ಕ ಮೊದಲ ಊರಿಗೆ ಮುಳ್ಳು ಬೇಲಿ. ಕಾವಲಿದ್ದವರು ದೊಣ್ಣೆ ಎತ್ತಿ ಹಿಂದಕ್ಕೆ ಹೋಗೆಂದರು. ಕೆಂಚಪ್ಪನಿಗೆ ಸಂತೋಷವಾಯಿತು. ಒಳ್ಳೆಯ ಕೆಲಸ ಮಾಡಿದ್ದೀರಿ, ಕಂಡಕಂಡವರನ್ನೆಲ್ಲ ಬಿಡಬಾರದು ಎಂದು ಅವರನ್ನು ಹೊಗಳಿದ. ಹೊಗಳಿ, ಈಗ ಬೇಲಿ ಸ್ವಲ್ಪ ಸರಿಸಿ, ನಮ್ಮ ಗಾಡಿ ಹೋಗಲಿ ಎಂದ. ಅವರು ಸರಿಸಲಿಲ್ಲ. ನಾನು ಕಂಡಕಂಡವನಲ್ಲ, ಕೆಂಚಪ್ಪ ಎಂದು ಅವನು ತಿಳಿಹೇಳಿದ. ಬಂದವರೆಲ್ಲರಿಗೂ ಒಂದೊಂದು ಹೆಸರಿತ್ತು ಎಂದು ಅವರು ಹೇಳಿದರು. ಗಾಡಿ ಹೊಲದ ಬದುಗಳ ಮೇಲೆ ಬಳಸಿಕೊಂಡು ಹೋಗಬೇಕಾಯಿತು. ಮುಂದಿನ ಊರಿನಲ್ಲೂ ಅದೇ ಆಯಿತು. ಅಲ್ಲಿ ಕೆಂಚಪ್ಪ ಹೊಗಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಒಂದು ಸಣ್ಣ ಹಟ್ಟಿಯನ್ನು ಬಳಸುವಾಗ ಗಾಡಿಯ ಗಾಲಿ ಕಾಲುವೆಗೆ ಇಳಿದು ಕೆಸರಿನಲ್ಲಿ ಹೂತುಕೊಂಡಿತು. ಕೆಂಚಪ್ಪ ಗಾಡಿಯ ಮೇಲೆ ಕೂತೇ ಎತ್ತುಗಳನ್ನು ಗದರಿಸಿದ. ಗಾಡಿ ಇನ್ನಷ್ಟು ವಾಲಿತು. ಅಂಟಿನುಂಡೆಯ ಡಬ್ಬಿ ಜಾರಿತು, ಸಣ್ಣಮ್ಮ ಅದನ್ನು ಹಿಡಿಯಲು ಹೋಗಿ ತಾನೂ ಜಾರಿದಳು. ನೆಲಕ್ಕೆ ಕಾಲಿಡುವುದಿಲ್ಲ ಎಂದವನು ಮೊಣಕಾಲುವರೆಗೆ ಕೆಸರಿನಲ್ಲಿ ನಿಂತ.

ಹಟ್ಟಿಯ ಜನ ಬೇಲಿಯ ಹಿಂದಿನಿಂದ ನೋಡುತ್ತಿದ್ದರು. ಹೆಂಗಸು ಕಾಲುವೆಗೆ ಬಿದ್ದದ್ದನ್ನು ನೋಡಿ ಅವರಿಂದ ಸುಮ್ಮನೆ ನಿಲ್ಲಲಾಗಲಿಲ್ಲ. ಒಬ್ಬ ಬೇಲಿ ಹಾರಿದ, ಅವನ ಹಿಂದೆ ಇನ್ನೊಬ್ಬ. ಎಲ್ಲರೂ ಹೆಗಲು ಕೊಟ್ಟರು. ಗಾಲಿ ಎತ್ತುವಾಗ ಒಬ್ಬರ ಉಸಿರು ಒಬ್ಬರ ಮುಖಕ್ಕೆ ಬಡಿಯುತ್ತಿತ್ತು. ಜೋರಾಗಿ ಹೋ ಎನ್ನಲು ಅಡ್ಡವಾಗುತ್ತದೆಂದು ಕೆಂಚಪ್ಪ ಬಾಯಿಯ ಬಟ್ಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದ. ಗಾಡಿ ಮೇಲೆ ಬಂದಾಗ ಅವನಿಗೆ ಎಷ್ಟು ಆನಂದವಾಯಿತೆಂದರೆ ಪಕ್ಕದಲ್ಲಿದ್ದವನನ್ನು ತಬ್ಬಿಕೊಂಡ. ಮನೆಯ ಮಜ್ಜಿಗೆಯ ಗಡಿಗೆ ಎಲ್ಲರ ಕೈಗೂ ಹೋಗಿ ಬಂತು. ಕೊನೆಯ ಗುಟುಕನ್ನು ಕೆಂಚಪ್ಪನೇ ಕುಡಿದ. ಅವರಲ್ಲಿ ಒಬ್ಬ ಸ್ವಲ್ಪ ಕೆಮ್ಮಿದ, ಮಜ್ಜಿಗೆ ಹುಳಿಯಾಗಿದೆ ಎಂದ.

ಗಾಡಿ ಹೊರಟ ಮೇಲೆ ಕೆಂಚಪ್ಪನಿಗೆ ಎಚ್ಚರಿಕೆ ನೆನಪಾಯಿತು. ಸೊಂಟದಿಂದ ಬಟ್ಟೆ ತೆಗೆದು ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡ.

ಮರುದಿನ ಬೆಳಿಗ್ಗೆ ಅವರು ಬೋರಯ್ಯನ ಊರು ಸೇರಿದರು. ಊರಿನ ಹೊರಗೆ, ಕಣದ ಎದುರಿಗೆ ಬೋರಯ್ಯನ ಮನೆ. ಅಲ್ಲಿಗೆ ಹೋಗಲು ಬೇಲಿ ದಾಟಬೇಕಾಗಿರಲಿಲ್ಲ. ಬೋರಯ್ಯ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಬೀಗರ ಗಾಡಿ ಕಂಡು ಅವನು ಗಾಬರಿಯಿಂದ ಎದ್ದು ನಿಂತ. ಆದರೂ ಬಾಯಿ ಮಾತ್ರ ಹಳೆಯ ರೂಢಿಯಂತೆ, ಬನ್ನಿ ಬನ್ನಿ, ಈಗ ಬಂದಿರಾ, ದಾರಿ ಸುಖವಾಯಿತಾ, ಕಾಲಿಗೆ ನೀರು ತನ್ನಿ ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡು ಹೋಯಿತು. ಅವನು ಮರ್ಯಾದೆಯ ಮನುಷ್ಯ. ಮನೆಗೆ ಹುಲಿ ಬಂದರೂ ಊಟ ಮಾಡಿಕೊಂಡು ಹೋಗಿ ಎನ್ನುವವನು.

ಬೋರಯ್ಯನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಬೀಗದಕೈ ಗೊಂಚಲು ಸೊಸೆಯ ಸೊಂಟದಲ್ಲಿತ್ತು. ಕಾಲಿಗೆ ನೀರು ಬರಲಿಲ್ಲ. ಹೊನ್ನಮ್ಮ ಹೊರಗೆ ಬಂದಳು. ತಲೆಗೆ ಬಾಣಂತಿಯ ಬಟ್ಟೆ ಕಟ್ಟಿಕೊಂಡಿದ್ದಳು, ಕೈಯಲ್ಲಿ ಒನಕೆ ಇತ್ತು. ಅದನ್ನು ಹೊಸ್ತಿಲಿಗೆ ಅಡ್ಡವಾಗಿ ಇಟ್ಟಳು.

"ಅಪ್ಪ, ಅಲ್ಲೇ ನಿಲ್ಲು" ಎಂದಳು.

ಕೆಂಚಪ್ಪ ನಗುತ್ತ ಒಂದು ಹೆಜ್ಜೆ ಮುಂದೆ ಇಟ್ಟ. ಅವಳು ನಗಲಿಲ್ಲ. ಅವನು ನಿಂತ.

ಬೋರಯ್ಯನ ಮನೆಯ ಪಕ್ಕದಲ್ಲೇ ಇದ್ದ ಒಂದು ಮನೆಗೆ ತಿಂಗಳ ಹಿಂದೆ ನೆಂಟರು ಬಂದಿದ್ದರು. ಒಳ್ಳೆಯ ಜನ, ಹೋಳಿಗೆ ಮಾಡಿಸಿಕೊಂಡು ಉಂಡು ಹೋದರು. ಈಗ ಆ ಮನೆಯ ಬಾಗಿಲು ತೆಗೆಯಲು ಒಳಗೆ ಯಾರೂ ಉಳಿದಿರಲಿಲ್ಲ. ಹೊನ್ನಮ್ಮ ತನ್ನ ಕೋಣೆಯ ಕಿಟಕಿಯಿಂದ ಅದನ್ನೆಲ್ಲ ನೋಡಿದ್ದಳು. ಅವಳ ಮಡಿಲಲ್ಲಿ ಆಗ ಮಗುವಿತ್ತು.

ಕೆಂಚಪ್ಪನಿಗೆ ಅವಮಾನವಾಯಿತು. ಬೀಗರ ಎದುರಿಗೆ, ಹೆತ್ತ ಮಗಳು! ತಾನು ಎಷ್ಟು ಎಚ್ಚರಿಕೆಯಿಂದ ಬಂದೆ ಎಂಬುದನ್ನು ಅವನು ವಿವರವಾಗಿ ಹೇಳಿದ. ಬೇವಿನ ಸೊಪ್ಪು ತೋರಿಸಿದ, ಈರುಳ್ಳಿ ಹಾರ ತೋರಿಸಿದ, ಬಾಯಿಗೆ ಕಟ್ಟಿದ ಬಟ್ಟೆ ತೋರಿಸಿದ.

"ದಾರಿಯಲ್ಲಿ ಯಾರನ್ನೂ ಮುಟ್ಟಲಿಲ್ಲವಾ?" ಎಂದು ಹೊನ್ನಮ್ಮ ಕೇಳಿದಳು.

ಕೆಂಚಪ್ಪ ಬಾಯಿ ತೆರೆದ. ಇಲ್ಲ ಎನ್ನುವ ಮಾತು ಹಲ್ಲಿನವರೆಗೆ ಬಂದಿತ್ತು.

"ಗಾಲಿ ಕಾಲುವೆಗೆ ಬಿದ್ದದ್ದು ಹೇಳಿ" ಎಂದು ಸಣ್ಣಮ್ಮ ಗಾಡಿಯೊಳಗಿನಿಂದ ಹೇಳಿದಳು.

ಕೆಂಚಪ್ಪ ಬಾಯಿ ಮುಚ್ಚಿದ. ಕಣದ ಅಂಚಿನಲ್ಲಿ ಒಂದು ಹುಲ್ಲಿನ ಗುಡಿಸಲಿತ್ತು, ಸುಗ್ಗಿಯಲ್ಲಿ ಕಾವಲಿನವರು ಮಲಗುವುದು. ಅಲ್ಲಿರಿ, ಊಟ ಕಳಿಸುತ್ತೇನೆ, ಮೈ ಸರಿಯಾಗಿದೆ ಎಂದು ನನಗೆ ತಿಳಿಯುವವರೆಗೆ ಹೊಸ್ತಿಲು ದಾಟುವ ಹಾಗಿಲ್ಲ ಎಂದು ಹೊನ್ನಮ್ಮ ಹೇಳಿದಳು. ಹೇಳುವಾಗ ಅವಳ ದನಿ ಗಟ್ಟಿಯಾಗಿತ್ತು. ಒಳಗೆ ಹೋಗಿ ಬಾಗಿಲು ಹಾಕಿ ಅದಕ್ಕೇ ಒರಗಿ ಅತ್ತಳು. ಅದು ಹೊರಗಿದ್ದವರಿಗೆ ಕಾಣಲಿಲ್ಲ. ಅಳಿಯ ಹಿತ್ತಲಿನಲ್ಲಿ ಏನೋ ಅವಸರದ ಕೆಲಸ ಹುಡುಕಿಕೊಂಡಿದ್ದ. ಆ ಕೆಲಸ ಸಂಜೆಯವರೆಗೂ ಮುಗಿಯಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಹೊನ್ನಮ್ಮ ಮಗುವನ್ನು ಬಾಗಿಲಿಗೆ ತಂದು, ಅಲ್ಲಿಂದಲೇ ಎತ್ತಿ ಹಿಡಿದು ತೋರಿಸಿದಳು. ಕೆಂಚಪ್ಪನ ಕಣ್ಣು ದೂರಕ್ಕೆ ಮಂಜು. ಹಣೆಗೆ ಕೈ ಅಡ್ಡ ಹಿಡಿದು ನೋಡಿ ನೋಡಿ ಅವನ ಮುಖ ಅರಳಿತು.

"ನೋಡೇ, ಮೂಗು ನಮ್ಮ ಕಡೆಯದೇ" ಎಂದ.

"ಅದು ಬೆನ್ನು. ಅವಳು ಇನ್ನೂ ತಿರುಗಿಸಿಲ್ಲ" ಎಂದಳು ಸಣ್ಣಮ್ಮ.

ಬೋರಯ್ಯನ ಕಷ್ಟ ಯಾರಿಗೂ ಬೇಡ. ಬೀಗರು ಹುಲ್ಲಿನ ಗುಡಿಸಲಿನಲ್ಲಿ, ತಾನು ಮನೆಯಲ್ಲಿ. ಊರಿನವರು ಏನೆಂದಾರು? ಸೊಸೆಯ ಮಾತು ಮೀರುವ ಧೈರ್ಯ ಅವನಿಗಿಲ್ಲ, ಬೀಗರ ಮುಖ ನೋಡುವ ಧೈರ್ಯವೂ ಇಲ್ಲ. ಮಧ್ಯಾಹ್ನದವರೆಗೆ ಜಗಲಿಯ ಮೇಲೆ ಮುಳ್ಳಿನ ಮೇಲೆ ಕೂತ ಹಾಗೆ ಕೂತ. ಆಮೇಲೆ ಎಲೆ ಅಡಿಕೆ ತಟ್ಟೆ ಹಿಡಿದುಕೊಂಡು, ದೂರದಿಂದ ಒಂದು ಮಾತಾಡಿಸಿ ಬಂದರಾಯಿತು ಎಂದು ಕಣಕ್ಕೆ ಹೋದ. ದೂರದಿಂದಲೇ ಮಾತಾಡಿದ. ಆದರೆ ಎಲೆ ಅಡಿಕೆಯನ್ನು ದೂರದಿಂದ ಕೊಡುವುದು ಹೇಗೆ? ಎಸೆದರೆ ಬೀಗರು ನಾಯಿಯಾದರು. ನೆಲಕ್ಕಿಟ್ಟರೆ ಭಿಕ್ಷೆಯಾಯಿತು. ಹತ್ತಿರ ಹೋಗಿ ಕೈಗೇ ಕೊಟ್ಟ. ಕೊಟ್ಟ ಮೇಲೆ ಒಂದು ಗಳಿಗೆ ಕೂರದೆ ಎದ್ದರೆ ಚೆನ್ನಾಗಿರುವುದಿಲ್ಲವೆಂದು ಕೂತ. ಇಬ್ಬರೂ ಬಾಯಿ ಕೆಂಪಗೆ ಮಾಡಿಕೊಂಡು ಮಗುವಿನ ಮೂಗಿನ ವಿಷಯ ಮಾತಾಡಿದರು. ಬೋರಯ್ಯ ಎದ್ದು ಮನೆಗೆ ಬಂದಾಗ ಒನಕೆ ಹೊಸ್ತಿಲಿನ ಮೇಲೇ ಇತ್ತು.

"ಮಾವ, ನೀವೂ ಅಲ್ಲೇ ಇರಿ. ಕಂಬಳಿ ಕೊಡುತ್ತೇನೆ" ಎಂದಳು ಹೊನ್ನಮ್ಮ.

ಬೋರಯ್ಯ ಕಂಬಳಿ ಹೆಗಲಿಗೆ ಹಾಕಿಕೊಂಡು ಮತ್ತೆ ಗುಡಿಸಲಿಗೆ ಬಂದ. ಕೆಂಚಪ್ಪನಿಗೆ ಆ ದಿನದ ಮೊದಲ ಸಮಾಧಾನ ಸಿಕ್ಕಿತು. ಬನ್ನಿ ಬನ್ನಿ, ಈಗ ಬಂದಿರಾ ಎಂದು ಬೀಗರನ್ನು ಸ್ವಾಗತಿಸಿದ.

ಹೊನ್ನಮ್ಮ ಕಣದ ನಡುವಿನ ಕಲ್ಲಿನ ಮೇಲೆ ಊಟದ ಬುಟ್ಟಿ ಇಟ್ಟು ಹಿಂದೆ ಸರಿಯುತ್ತಿದ್ದಳು. ಸಣ್ಣಮ್ಮ ಹೋಗಿ ತರುತ್ತಿದ್ದಳು. ತಾಯಿ ಮಗಳು ಆ ಕಲ್ಲಿನ ಆಚೆ ಈಚೆ ನಿಂತು ಸ್ವಲ್ಪ ಹೊತ್ತು ಮಾತಾಡುತ್ತಿದ್ದರು. ಅಂಟಿನುಂಡೆ ಮನೆಯೊಳಗೆ ಹೋಗುವ ಹಾಗಿರಲಿಲ್ಲ. ಬೀಗರಿಬ್ಬರೂ ಬೇಡ ಬೇಡ ಎಂದು ಒಬ್ಬರಿಗೊಬ್ಬರು ಉಪಚಾರ ಹೇಳುತ್ತ ಬಾಣಂತಿಯ ಅಂಟಿನುಂಡೆಯನ್ನೆಲ್ಲ ತಿಂದು ಮುಗಿಸಿದರು. ಉಣ್ಣುವುದು, ಮಲಗುವುದು, ಮಗಳ ಮೇಲೆ ದೂರು ಹೇಳುವುದು, ಇಷ್ಟೇ ಕೆಂಚಪ್ಪನ ಕೆಲಸವಾಯಿತು. ನನ್ನ ಮೈ ಬಂಡೆಯ ಹಾಗಿದೆ, ಸುಮ್ಮನೆ ನಮ್ಮನ್ನು ದನದ ಹಾಗೆ ಹೊರಗೆ ಕಟ್ಟಿದ್ದಾಳೆ ಎನ್ನುತ್ತಿದ್ದ.

ಹೀಗೆ ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಕೆಂಚಪ್ಪ ಏಳಲಿಲ್ಲ. ಮೈ ಕೆಂಡದ ಹಾಗಿತ್ತು. ಸಂಜೆಗೆ ಕೆಮ್ಮು ಬಂತು. ಎರಡು ದಿನ ಬಿಟ್ಟು ಬೋರಯ್ಯನೂ ಮಲಗಿದ. ಆಮೇಲೆ ಸಣ್ಣಮ್ಮನಿಗೂ ಮೈ ಬಿಸಿಯಾಯಿತು. ಅವಳು ಯಾರಿಗೂ ಹೇಳದೆ ತಲೆಗೆ ಬಟ್ಟೆ ಬಿಗಿದುಕೊಂಡು ಇಬ್ಬರಿಗೂ ಗಂಜಿ ಕುಡಿಸಿದಳು.

ಬೀಗರಿಬ್ಬರೂ ಗುಡಿಸಲಿನ ಎರಡು ಮೂಲೆಯಲ್ಲಿ ಬಿದ್ದುಕೊಂಡರು. ಒಬ್ಬ ನರಳಿದರೆ ಇನ್ನೊಬ್ಬ, ಹೇಗಿದ್ದೀರಿ ಬೀಗರೇ ಎಂದು ಕೇಳುತ್ತಿದ್ದ. ನಿಮ್ಮ ದಯೆಯಿಂದ ಪರವಾಗಿಲ್ಲ ಎಂದು ಮೊದಲನೆಯವನು ಹೇಳುತ್ತಿದ್ದ. ದಯೆ ಯಾರದು, ಬೇನೆ ಯಾರದು ಎಂದು ಇಬ್ಬರಿಗೂ ಗೊತ್ತಿತ್ತು. ಮರ್ಯಾದೆಗೆ ಅದನ್ನು ಆಡಲಿಲ್ಲ.

ಒಂದು ದಿನ ಕೆಂಚಪ್ಪನ ಎದೆ ಬಹಳ ಬಿಗಿಯಿತು. ಉಸಿರು ಎಳೆದರೆ ಬಾರದು, ಬಿಟ್ಟರೆ ಹೋಗದು. ಸಣ್ಣಮ್ಮ ಅವನನ್ನು ಎತ್ತಿ ತನ್ನ ಎದೆಗೆ ಒರಗಿಸಿಕೊಂಡು ಕೂತಳು. ಸತ್ತೆ ಎಂದೇ ಅವನು ತಿಳಿದ. ಎದುರಿನ ಮನೆಯಿಂದ ಮಗು ಅಳುವ ಸದ್ದು ಕೇಳಿಸುತ್ತಿತ್ತು. ಒಳ್ಳೆಯ ಗಟ್ಟಿ ಗಂಟಲು. ಕೆಂಚಪ್ಪ ಬಹಳ ಹೊತ್ತು ಅದನ್ನು ಕೇಳಿದ.

"ಆವತ್ತು ಅವಳು ಬಾಗಿಲು ತೆಗೆದಿದ್ದರೆ..." ಎಂದ. ಅವನ ಕಣ್ಣಿನಿಂದ ನೀರು ಇಳಿಯಿತು. ಸಣ್ಣಮ್ಮ ಸೆರಗಿನಿಂದ ಒರೆಸಿದಳು. ಗಂಡ ಮಾತನ್ನು ಅರ್ಧಕ್ಕೆ ಬಿಟ್ಟದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಆದರೆ ಅವನ ಆಯುಷ್ಯ ಗಟ್ಟಿಯಿತ್ತು. ಜ್ವರ ಇಳಿಯಿತು. ಜ್ವರದ ಜೊತೆಗೆ ಆ ಮಾತೂ ಇಳಿದುಹೋಯಿತು. ಬೋರಯ್ಯನೂ ಎದ್ದ, ಮೊದಲಿಗಿಂತ ಸಣ್ಣಗಾಗಿ. ಮೂಗು ಮಾತ್ರ ಹಾಗೇ ಇತ್ತು. ಸಣ್ಣಮ್ಮ ಮಲಗಿರಲೇ ಇಲ್ಲವಾದ್ದರಿಂದ ಏಳುವ ಪ್ರಶ್ನೆಯೂ ಬರಲಿಲ್ಲ. ಇನ್ನೂ ಕೆಲವು ದಿನ ತಡೆದು, ಹೊನ್ನಮ್ಮ ಹಂಡೆ ತುಂಬ ನೀರು ಕಾಯಿಸಿ ಕಳಿಸಿದಳು. ಮೂವರೂ ಮಿಂದರು. ಹಳೆಯ ಬಟ್ಟೆಗಳನ್ನೂ ಗುಡಿಸಲಿನ ಹುಲ್ಲನ್ನೂ ಸುಟ್ಟರು. ಕೆಂಚಪ್ಪ ಅಳಿಯನ ಪಂಚೆ ಉಟ್ಟುಕೊಂಡು ಹೊಸ್ತಿಲು ದಾಟಿದ. ಹೊನ್ನಮ್ಮ ಅಪ್ಪನ ಕಾಲಿಗೆ ನೀರು ಹಾಕಿ, ಆ ನೀರಿನಲ್ಲೇ ಕಣ್ಣೀರು ಹಾಕಿದಳು. ಮಗುವನ್ನು ಅವನ ತೊಡೆಯ ಮೇಲೆ ಮಲಗಿಸಿದರು. ಮೂಗು ಹತ್ತಿರದಿಂದ ನೋಡಿದರೆ ಬೋರಯ್ಯನದೇ. ಕೆಂಚಪ್ಪ ಏನೋ ಹೇಳಲು ಹೊರಟ. ಮಗುವೇ ಅವನ ಪಂಚೆ ಒದ್ದೆ ಮಾಡಿ ಮಾತು ಮುಗಿಸಿತು.

ತಿರುಗಿ ಬರುವಾಗ ಗಾಡಿ ಆ ಕಾಲುವೆಯ ಹತ್ತಿರದ ಹಟ್ಟಿಯ ಪಕ್ಕದಲ್ಲೇ ಹಾದುಬಂತು. ಹಟ್ಟಿಯ ಬೇಲಿಯ ಹಿಂದೆ ಯಾರೂ ಕಾಣಿಸಲಿಲ್ಲ. ಹೊಲಕ್ಕೆ ಹೋಗಿರಬೇಕು ಎಂದ ಕೆಂಚಪ್ಪ. ಸ್ವಲ್ಪ ನಿಲ್ಲಿಸಿ ಕೂಗಿ ನೋಡೋಣ ಎಂದಳು ಸಣ್ಣಮ್ಮ. ಹೊತ್ತಾಯಿತು ಎಂದು ಅವನು ಎತ್ತುಗಳ ಬಾಲ ತಿರುವಿದ. ಸಣ್ಣಮ್ಮ ಬಹಳ ದೂರದವರೆಗೆ ಗಾಡಿಯ ಹಿಂದಿನಿಂದ ನೋಡುತ್ತ ಬಂದಳು.

ಊರಿಗೆ ಬಂದ ಮೇಲೆ ಅರಳಿಕಟ್ಟೆಯ ಮೇಲೆ ಕೆಂಚಪ್ಪನ ಸುತ್ತ ಜನ ನೆರೆದರು. ಎಲ್ಲರಿಗೂ ಎಲ್ಲಿಗೋ ಹೋಗಬೇಕಾಗಿತ್ತು. ಒಬ್ಬನಿಗೆ ಅತ್ತೆಮನೆ, ಒಬ್ಬನಿಗೆ ತಂಗಿಯ ಮನೆ, ಒಬ್ಬನಿಗೆ ಸುಮ್ಮನೆ ಊರು ಬೇಸರ. ಕೆಂಚಪ್ಪ ತನ್ನ ಪ್ರಯಾಣದ ಕತೆ ಹೇಳಿದ. ಹೇಳುತ್ತ ಹೇಳುತ್ತ ಗಾಲಿ ಹೂತದ್ದು ಕತೆಯಿಂದ ಬಿದ್ದುಹೋಯಿತು. ಗುಡಿಸಲು, ಬೀಗರು ತಮಗಾಗಿ ಬಿಟ್ಟುಕೊಟ್ಟ ಬೇರೆ ಬಿಡಾರವಾಯಿತು. ಜ್ವರ, ಹೊಸ ನೀರಿಗೆ ಮೈ ಸ್ವಲ್ಪ ಬೆಚ್ಚಗಾದದ್ದು ಎಂದಾಯಿತು. ಒನಕೆಯ ಸುದ್ದಿ ಬರಲೇ ಇಲ್ಲ.

"ಹಾಗಾದರೆ ನಾವೂ ಹೋಗಬಹುದೇ?" ಎಂದು ಜನ ಕೇಳಿದರು.

"ಧೈರ್ಯವಾಗಿ ಹೋಗಿ. ನಾನು ಹೋಗಿ ಬರಲಿಲ್ಲವೇ? ಮಗಳು ಚೆನ್ನಾಗಿದ್ದಾಳೆ, ಮಗು ಗುಂಡುಕಲ್ಲಿನ ಹಾಗಿದೆ. ಏನಾಯಿತು?" ಎಂದ ಕೆಂಚಪ್ಪ.

ನೀರು ತರಲು ಬಂದಿದ್ದ ಸಣ್ಣಮ್ಮ ಅದನ್ನು ಕೇಳಿ ಕಟ್ಟೆಯ ಹತ್ತಿರ ನಿಂತಳು. ತನ್ನ ಅಭ್ಯಾಸದಂತೆ, ಆ ಹಟ್ಟಿಯವರ ಬಗ್ಗೆ, ಒಂದೇ ಮಾತು ಹೇಳಿದಳು. ಅಷ್ಟು ಹೊತ್ತಿಗೆ ಜನ ಗಾಡಿ ಕಟ್ಟಲು ಎದ್ದಿದ್ದರು. ಅವಳ ಮಾತು ಯಾರಿಗೂ ಕೇಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಬೀಗರ ಮೂಗಿನಿಂದ ಹಿಡಿದು ಅಂಟಿನುಂಡೆಯವರೆಗೆ ಎಲ್ಲಕ್ಕೂ ನಕ್ಕಿದ್ದ. ಈಗಲೂ ಅವನ ಮುಖದಲ್ಲಿ ನಗುವಿತ್ತು. ತಾನು ಕೆಂಚಪ್ಪನಷ್ಟು ದಡ್ಡನಲ್ಲ, ಗಾಡಿಯನ್ನು ಕಾಲುವೆಯ ಕಡೆಗೆ ಹೊಡೆಯುವುದಿಲ್ಲ ಎಂದ. ಒಂದು ವೇಳೆ ಬೇನೆಯೇ ತಗಲಿದರೂ ಕೆಂಚಪ್ಪನ ಹಾಗೆ ಮಲಗಿ ಎದ್ದರಾಯಿತು ಎಂದ. ಹಾಗಾದರೆ ನಾಳೆ ಹೊರಡಲು ಅಪ್ಪಣೆಯೇ ಎಂದು ಕೇಳಿದ.

ಗುರುಗಳು ಕೇಳಿದರು:

"ನೀನು ಬಂದದ್ದನ್ನು ಕಂಡರೆ, ನಿನ್ನ ಅಕ್ಕನಿಗೆ ಬಾಗಿಲು ಹಾಕಲು ಮನಸ್ಸು ಬರುತ್ತದೆಯೇ?"